ಮಂಡಿಗೆ ಬೇಕಿರುವುದು ಬರೀ ಕೋಶವಲ್ಲ

ಮಂಡಿ ಸವೆದಿದೆ ಎಂದು ಡಾಕ್ಟರು ಹೇಳುವುದು ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಸಂದು ಕಿರಿದಾಗಿರುವುದನ್ನು ಕಂಡು. ಆ ಸಂದಿನಲ್ಲಿರಬೇಕಾದ ಮೃದ್ವಸ್ಥಿ ಎಕ್ಸ್-ರೇಗೆ ಕಾಣುವುದೇ ಇಲ್ಲ. ಅದರ ದಪ್ಪ ಕೆಲವೇ ಮಿಲಿಮೀಟರು, ತೂಕದಲ್ಲಿ ಮುಕ್ಕಾಲು ಪಾಲು ನೀರು. ರಕ್ತನಾಳವಿಲ್ಲ, ನರವಿಲ್ಲ, ಇರುವ ಬೆರಳೆಣಿಕೆಯ ಕೋಶಗಳಿಗೆ ಗಾಯ ಮುಚ್ಚುವ ಶಕ್ತಿಯಿಲ್ಲ. ಹಾಗಾಗಿ ಕಾಂಡಕೋಶಗಳಿಂದ ಹೊಸ ಮೃದ್ವಸ್ಥಿ ಬೆಳೆಸಿ ಕೂರಿಸಿದರಾಯಿತು ಎಂಬ ಆಸೆ ಸಹಜವೇ. ಕೋಶಗಳಿಗೆ ಬರವೂ ಇಲ್ಲ. ಅಸ್ಥಿಮಜ್ಜೆಯಿಂದ ತೆಗೆದವನ್ನು ಪುಟ್ಟ ಉಂಡೆಯಾಗಿಸಿ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಉಣಿಸಿದರೆ ಅವು ಮೃದ್ವಸ್ಥಿಯ ಸಾಮಗ್ರಿ ತಯಾರಿಸುತ್ತವೆ ಎಂಬುದು 1990ರ ದಶಕದಿಂದಲೇ ಗೊತ್ತು. ಪೇಚು ಶುರುವಾಗುವುದು ಆಮೇಲೆ. ಅವು ಅಲ್ಲಿಗೇ ನಿಲ್ಲದೆ, ಭ್ರೂಣದಲ್ಲಿ ಕೈಕಾಲಿನ ಮೂಳೆ ಮೂಡುವ ಹಾದಿ ಹಿಡಿದು, ಊದಿಕೊಂಡು, ಸುಣ್ಣ ಕಟ್ಟಲು ಹೊರಡುತ್ತವೆ. ರಚನೆಯ ವಿಷಯವಂತೂ ಇನ್ನೂ ಕಠಿಣ. ಅಸಲಿ ಮೃದ್ವಸ್ಥಿಯ ಮೇಲ್ಪದರದಲ್ಲಿ ಕೊಲಾಜೆನ್ ಎಳೆಗಳು ಮಲಗಿರುತ್ತವೆ, ಆಳದಲ್ಲಿ ಮೂಳೆಗೆ ಬೇರೂರಿ ನೆಟ್ಟಗೆ ನಿಂತಿರುತ್ತವೆ. ಆ ಜಾಲದೊಳಗೆ ಬಂಧಿಯಾದ ನೀರು ನಾವು ಕಾಲೂರಿದಾಗ ಸುಲಭವಾಗಿ ಹೊರಬರಲಾಗದೆ ಭಾರ ಹೊರುತ್ತದೆ. ಉಂಡೆಯಲ್ಲಿ ಬೆಳೆದ ಅಂಗಾಂಶಕ್ಕೆ ಈ ಒಳಕಟ್ಟು ಇರುವುದಿಲ್ಲ.

ಕೋಶಚಿಕಿತ್ಸೆ ಆಗಲೇ ಬಳಕೆಯಲ್ಲಿದೆಯಲ್ಲ ಎನ್ನಬಹುದು. ಇದೆ. ರೋಗಿಯದೇ ಮೃದ್ವಸ್ಥಿ ಕೋಶ ಬೆಳೆಸಿ ಕೂರಿಸಿದ ಫಲಿತಾಂಶವನ್ನು ಸ್ವೀಡನ್ನಿನ ವೈದ್ಯರು 1994ರಲ್ಲೇ ಪ್ರಕಟಿಸಿದರು. ಆದರೆ ಅದು ಏಟಿನಿಂದಾದ ಸಣ್ಣ ಗುಳಿಗಳಿಗೆ. ಸುತ್ತಲಿನ ಮೃದ್ವಸ್ಥಿ ಗಟ್ಟಿಯಿದ್ದುದರಿಂದ ತೇಪೆಗೆ ಅಂಚು ಸಿಕ್ಕಿತು. ಇಡೀ ಕೀಲು ಸವೆದವರಿಗೆ ಆ ಅಂಚೇ ಇಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕಾಂಡಕೋಶ ಚುಚ್ಚುಮದ್ದಿಗೂ 2022ರಲ್ಲಿ ಭಾರತದ ಅನುಮತಿ ದೊರೆತಿದೆ. ಇಂಥ ಚುಚ್ಚುಮದ್ದಿನಿಂದ ಮಂಡಿನೋವು ಇಳಿದರೆ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಇಳಿದರೆ ಒಳ್ಳೆಯದೇ. ಆದರೆ 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ, ಮೂರು ಬಗೆಯ ಕೋಶಗಳ ಚುಚ್ಚುಮದ್ದನ್ನು ಮಾಮೂಲಿ ಸ್ಟೀರಾಯ್ಡಿನ ಎದುರು ಒರೆಗೆ ಹಚ್ಚಿದಾಗ, ಒಂದು ವರ್ಷದ ಬಳಿಕ ಯಾವುದೂ ಅದಕ್ಕಿಂತ ಮೇಲೆನಿಸಲಿಲ್ಲ. ನೋವು ಇಳಿಸಿದ್ದನ್ನೆಲ್ಲ ಮೃದ್ವಸ್ಥಿ ಬೆಳೆಸಿತೆಂದು ಮಾರುವುದು ನನಗಂತೂ ಒಪ್ಪಿಗೆಯಿಲ್ಲ.

ಇನ್ನೊಂದು ವಿಷಯವನ್ನು ಜಾಹೀರಾತುಗಳು ಮುಟ್ಟುವುದೇ ಇಲ್ಲ. ಸಂಧಿವಾತದ ಮಂಡಿಯಲ್ಲಿ ಉರಿಯೂತವಿರುತ್ತದೆ, ಕೊಲಾಜೆನ್ ಕತ್ತರಿಸುವ ಕಿಣ್ವಗಳಿರುತ್ತವೆ. ಎಷ್ಟೇ ಚೊಕ್ಕವಾಗಿ ಬೆಳೆಸಿದ ಅಂಗಾಂಶವನ್ನೂ ಅವು ಬಿಡುವುದಿಲ್ಲ. ಕಾಲು ಬಿಲ್ಲಿನಂತೆ ಬಾಗಿದ್ದರಂತೂ ಭಾರವೆಲ್ಲ ಹಳೆಯ ಸವೆದ ಜಾಗಕ್ಕೇ ಬೀಳುತ್ತದೆ. ಅಂಥವರಿಗೆ ಮೃದ್ವಸ್ಥಿ ಕೂರಿಸುವ ಮೊದಲೋ ಜೊತೆಗೋ ಮೂಳೆ ಕತ್ತರಿಸಿ ಕಾಲನ್ನು ನೇರ ಮಾಡಬೇಕಾಗುತ್ತದೆ.