ಬಾರಿಸಿದವರಿಗೂ ಒಂದು ಅಂಕಿತ ಇರಲಿ

ಬ್ಯಾಡಗಿಯಿಂದ ಹಾವೇರಿಗೆ ಕಾಲೇಜಿಗೆ ಹೋಗುವ ನಮ್ಮ ಬಸ್ಸಿನಲ್ಲಿ ಇಯರ್‌ಫೋನ್ ಇಲ್ಲದ ಕಿವಿ ಸಿಗುವುದು ಕಷ್ಟ. ಬಲಗಿವಿಯದು ನನಗೆ, ಎಡಗಿವಿಯದು ಪಕ್ಕದವನಿಗೆ. ಹೀಗೆ ಹಂಚಿಕೊಂಡು ನಾವು ಹೆಚ್ಚು ಸಲ ಕೇಳುವುದು ರಘು ದೀಕ್ಷಿತ್ ಅವರನ್ನು. ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಆಮೇಲೆ ಗಿಟಾರ್ ಹಿಡಿದ ಮೈಸೂರಿನ ಹುಡುಗ ಅಂದರೆ ಎಂಜಿನಿಯರಿಂಗ್ ಓದುವ ನಮಗೆ ಒಂಥರಾ ಧೈರ್ಯ!

2008ರಲ್ಲಿ ಬಂದ ಅವರ ಮೊದಲ ಆಲ್ಬಂ ‘ಅಂತರಾಗ್ನಿ’. ಅದರಲ್ಲಿ ಅವರದೇ ಹಾಡುಗಳ ಜತೆಗೆ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಕೂಡ ಇದೆ. 2013ರ ‘ಜಗ್ ಚಂಗಾ’ದಲ್ಲಿ ಶರೀಫರ ‘ಲೋಕದ ಕಾಳಜಿ’ ಬಂತು. ಶರೀಫಜ್ಜ ನಮ್ಮ ಜಿಲ್ಲೆಯವರು, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು. ನಮ್ಮ ಊರುಗಳ ಭಜನೆಯಲ್ಲಿ ತಾಳ, ದಮ್ಮಡಿ, ಹಾರ್ಮೋನಿಯಂ ಜತೆ ಹಾಡುತ್ತಿದ್ದ ತತ್ವಪದ ಡ್ರಮ್ಸ್, ಬಾಸ್ ಗಿಟಾರ್, ವಯಲಿನ್ ಜತೆ ಸೇರಿ ದೇಶ ಸುತ್ತಿತು, ಗಡಿಯನ್ನೂ ದಾಟಿತು.

ಇಂಥ ಒಂದು ಹಾಡು ಸ್ಟುಡಿಯೊದಲ್ಲಿ ಹೇಗೆ ತಯಾರಾಗುತ್ತದೆ ಗೊತ್ತಾ? ಭಜನೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಲಯ ಏರಿಸುತ್ತಾರೆ, ಇಳಿಸುತ್ತಾರೆ. ಸ್ಟುಡಿಯೊದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಮೊದಲು ಗಾಯಕ ಅಂದಾಜಿಗೆ ಒಂದು ಸಲ ಹಾಡುತ್ತಾನೆ. ಅದನ್ನು ಕೇಳುತ್ತ ಡ್ರಮ್ಸ್‌ನವರು ಬಾರಿಸುತ್ತಾರೆ. ಕಿವಿಯಲ್ಲಿ ಗಡಿಯಾರದ ಹಾಗೆ ‘ಟಕ್ ಟಕ್’ ಅನ್ನುವ ಕ್ಲಿಕ್ ಸದ್ದು. ಆಮೇಲೆ ಬಾಸ್, ಗಿಟಾರ್, ವಯಲಿನ್, ಕೋರಸ್. ಒಬ್ಬರು ಇವತ್ತು ನುಡಿಸಿದರೆ ಇನ್ನೊಬ್ಬರು ಮುಂದಿನ ವಾರ. ಕೊನೆಗೆ ಗಾಯಕನ ನಿಜವಾದ ಹಾಡಿಕೆ. ಒಬ್ಬರನ್ನೊಬ್ಬರು ನೋಡದೆಯೇ ಒಂದೇ ಹಾಡಿನಲ್ಲಿ ನುಡಿಸಿದವರೂ ಇರುತ್ತಾರೆ.

ನಾನು ಓದುವುದು ಎಲೆಕ್ಟ್ರಾನಿಕ್ಸ್. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಸದ್ದನ್ನು 44,100 ಬಾರಿ ಅಳೆದು ಅಂಕಿಗಳಾಗಿ ಇಡುತ್ತಾರೆ ಎಂದು ಕ್ಲಾಸಿನಲ್ಲಿ ಕಲಿತಿದ್ದೇನೆ. ಇಷ್ಟೆಲ್ಲ ಉಳಿಸಿಡುವ ತಂತ್ರಜ್ಞಾನದಲ್ಲಿ ಬಾರಿಸಿದವನ ಹೆಸರು ಮಾತ್ರ ಉಳಿಯುವುದಿಲ್ಲವಲ್ಲ!

ಇದು ನನಗೆ ತಟ್ಟಿದ್ದು ರಾಣೆಬೆನ್ನೂರಿನ ಗೆಳೆಯನಿಂದ. ಅವನು ಜಾತ್ರೆ ಆರ್ಕೆಸ್ಟ್ರಾಗಳಲ್ಲಿ ಢೋಲಕ್ ಬಾರಿಸುತ್ತಾನೆ. ಭಕ್ತಿಗೀತೆ, ಜಾನಪದ ಹಾಡುಗಳ ರೆಕಾರ್ಡಿಂಗ್‌ಗೂ ಹೋಗುತ್ತಾನೆ. ಅವನ ಕೈ ಇರುವ ಒಂದು ಹಾಡು ನಮ್ಮ ಓಣಿಯಲ್ಲಿ ದಿನಾ ಕೇಳಿಸುತ್ತದೆ. ಒಮ್ಮೆ ಅವರ ಅವ್ವನಿಗೆ ಅದನ್ನು ಮೊಬೈಲಿನಲ್ಲಿ ತೋರಿಸಿದ. ಅವ್ವ ಕೇಳಿದ್ದು ಒಂದೇ ಮಾತು: ‘ಚಲೋ ಐತಿ. ನಿನ್ನ ಹೆಸರು ಎಲ್ಲೈತಪ್ಪಾ?’ ಗಾಯಕನ ಹೆಸರಿತ್ತು, ಸಾಹಿತ್ಯ ಬರೆದವರ ಹೆಸರಿತ್ತು, ಹಣ ಹಾಕಿದವರ ಫೋಟೊನೂ ಇತ್ತು. ಅವನ ಹೆಸರಿಲ್ಲ. ‘ಹೆಸರಿಲ್ಲದ ಕೆಲಸಾ ಬಿಟ್ಟು ಒಂದು ನೌಕರಿ ನೋಡ್ಕೋ’ ಅಂತ ಮನೆಯಲ್ಲಿ ಈಗ ದಿನವೂ ಮಾತು.

ನಾವು ಕೇಳುಗರೇನು ಕಮ್ಮಿ? ರಘು ದೀಕ್ಷಿತ್ ತಮ್ಮ ತಂಡಕ್ಕೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರಿಟ್ಟು, ಬೇರೆ ಬೇರೆ ವಾದಕರು ಬಂದು ಸೇರುವ ತೆರೆದ ಮನೆಯ ಹಾಗೆ ಅದನ್ನು ಕಟ್ಟಿದರು. ಆದರೆ ಅದರಲ್ಲಿ ವರ್ಷಗಟ್ಟಲೆ ಬಾಸ್ ಗಿಟಾರ್ ನುಡಿಸಿದ ಗೌರವ್ ವಾಜ್ ಯಾರು ಎಂದು ನಮ್ಮ ಬಸ್ಸಿನಲ್ಲಿ ಕೇಳಿದರೆ ಎಷ್ಟು ಕೈ ಎದ್ದಾವು?

ಶರೀಫಜ್ಜನ ಪದಗಳನ್ನು ಗಮನಿಸಿ. ಕೊನೆಯಲ್ಲಿ ‘ಶಿಶುನಾಳಧೀಶ’ ಎಂಬ ಅಂಕಿತ ಬರುತ್ತದೆ. ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ರೆಕಾರ್ಡಿಂಗ್ ಇಲ್ಲ, ಕಂಪನಿ ಇಲ್ಲ. ಆದರೂ ಆ ಪದವನ್ನು 1990ರ ಸಿನಿಮಾಕ್ಕೆ ಸಿ. ಅಶ್ವತ್ಥ್ ಹಾಡಲಿ, ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಲಿ, ನಮ್ಮ ಜಿಲ್ಲೆಯ ಆ ಊರಿನ ಹೆಸರು ಹಾಡಿನ ಒಳಗೇ ಇರುತ್ತದೆ. ಅಳಿಸಲು ಬರುವುದಿಲ್ಲ. ಢೋಲಕ್‌ನ ಪೆಟ್ಟಿಗೆ ಅಂಥ ಅಂಕಿತ ಹಾಕುವ ದಾರಿ ಇಲ್ಲ. ಅದನ್ನು ಬೇರೆಯವರು ಬರೆಯಬೇಕು.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು ಕಲಾವಿದರಿಗೆ, ‘ಇದನ್ನು ನುಡಿಸಿದ್ದು ನಾನು’ ಎಂದು ಗುರುತಿಸಿಕೊಳ್ಳುವ ಹಕ್ಕು ಕೊಟ್ಟಿದೆ. ವಾದಕರೂ ಅದರಲ್ಲಿ ಸೇರುತ್ತಾರೆ. ಆದರೆ ದಿನದ ಸಂಭಾವನೆಗೆ ಹೋಗುವ ಹುಡುಗ ಕಾಯ್ದೆಯ ಪುಸ್ತಕ ಹಿಡಿದು ಜಗಳ ಆಡುತ್ತಾನಾ? ಹಾಗೆ ಆಡಿದರೆ ಮುಂದಿನ ರೆಕಾರ್ಡಿಂಗ್‌ಗೆ ಕರೆ ಬರುತ್ತದಾ?

ಈ ವರ್ಷ ನಾವು ಐದು ಜನ ಸೇರಿ ರಾಣೆಬೆನ್ನೂರಿನ ಒಂದು ಪುಟ್ಟ ಕೋಣೆಯಲ್ಲಿ ನಮ್ಮದೇ ಒಂದು ಹಾಡು ರೆಕಾರ್ಡ್ ಮಾಡಿದೆವು. ಗೋಡೆಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ, ಬೆವರು ಸುರಿಸಿ! ಅದು ಹಿಟ್ ಏನೂ ಆಗಿಲ್ಲ. ಆದರೆ ಅಪ್‌ಲೋಡ್ ಮಾಡುವಾಗ ಮೊದಲ ಸಾಲಿನಲ್ಲೇ ‘ಢೋಲಕ್’ ಎಂದು ಬರೆದು ಅದರ ಮುಂದೆ ಗೆಳೆಯನ ಹೆಸರು ಹಾಕಿದೆವು. ಟೈಪ್ ಮಾಡಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅವ್ವ ಓದು ಬಲ್ಲವರಲ್ಲ. ಮಗಳ ಕೈಗೆ ಮೊಬೈಲು ಕೊಟ್ಟು ಅದೊಂದು ಸಾಲನ್ನು ಎರಡು ಸಲ ಓದಿಸಿಕೊಂಡರಂತೆ.