ಹಿಮನದಿ ಮರಳಿಸಿದ ಮಕ್ಕಳು

ಮನೆಯವರಿಗೆ ಸಾವಿಗಿಂತ ಕಠಿಣವಾದುದು ಸುಳಿವಿಲ್ಲದ ಸಾವು. ಚಿತೆ ಇಲ್ಲ, ಸಮಾಧಿ ಇಲ್ಲ. ತಿಥಿ ಮಾಡೋಣವೆಂದರೆ ಮನಸ್ಸು ಒಪ್ಪುವುದಿಲ್ಲ. ಬಾಗಿಲು ಸದ್ದಾದರೆ ‘ಅವನೇ ಬಂದನೇನೋ’ ಎಂಬ ಆಸೆ.

1968ರ ಫೆಬ್ರುವರಿ 7ರಂದು ವಾಯುಪಡೆಯ ಎಎನ್-12 ವಿಮಾನವೊಂದು 102 ಮಂದಿಯನ್ನು ಹೊತ್ತು ಚಂಡೀಗಢದಿಂದ ಲೇಹ್‌ಗೆ ಹೊರಟಿತು. ಹವೆ ಕೆಟ್ಟದ್ದರಿಂದ ಅರ್ಧದಲ್ಲೇ ಹಿಂದಿರುಗುವಾಗ ರೋಹ್ತಾಂಗ್ ಬಳಿ ಕಣ್ಮರೆಯಾಯಿತು. ಅದರ ಅವಶೇಷ ಪರ್ವತಾರೋಹಿಗಳ ಕಣ್ಣಿಗೆ ಬಿದ್ದದ್ದು 2003ರಲ್ಲಿ, ಅಂದರೆ 35 ವರ್ಷಗಳ ಬಳಿಕ! ಆಮೇಲೆ ಆಗೊಂದು ಈಗೊಂದರಂತೆ ದೇಹಗಳು ದೊರೆತವು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೆ ನಾಲ್ಕು ಸಿಕ್ಕವು. ಅವುಗಳಲ್ಲಿ ಒಂದು ಕೇರಳದ ಇಲಂತೂರಿನ ಯೋಧ ಥಾಮಸ್ ಚೆರಿಯನ್ ಅವರದು. ಮೈಮೇಲಿದ್ದ ದಾಖಲೆಗಳಿಂದ ಗುರುತು ಹತ್ತಿತು. ವಿಮಾನ ಏರಿದಾಗ ಅವರಿಗೆ 22ರ ಪ್ರಾಯ. ಹೆತ್ತವರು ಕಾದು ಕಾದು ತೀರಿಕೊಂಡಿದ್ದರು. ಒಡಹುಟ್ಟಿದವರು 56 ವರ್ಷಗಳ ನಂತರ ಊರ ಚರ್ಚಿನಲ್ಲಿ ಸೋದರನನ್ನು ಮಣ್ಣು ಮಾಡಿದರು.

ಇಷ್ಟು ಕಾಲ ದೇಹ ಉಳಿದದ್ದು ಹೇಗೆ? ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ದ್ರವರೂಪದ ನೀರು ಬೇಕು, ಬೆಚ್ಚನೆಯ ವಾತಾವರಣ ಬೇಕು. ಮಂಜುಗಡ್ಡೆಯೊಳಗೆ ಎರಡೂ ಇಲ್ಲ. ಇನ್ನು, ಹಿಮನದಿ ಹೆಸರಿಗಷ್ಟೇ ನದಿಯಲ್ಲ; ತನ್ನದೇ ಭಾರಕ್ಕೆ ಇಳಿಜಾರಿನಲ್ಲಿ ನಿಧಾನವಾಗಿ ಹರಿಯುತ್ತದೆ. ಮೇಲ್ಭಾಗದಲ್ಲಿ ಬಿದ್ದದ್ದನ್ನು ವರ್ಷವರ್ಷದ ಹೊಸ ಹಿಮ ಮುಚ್ಚುತ್ತದೆ. ಅದು ಜಾರುತ್ತಾ ಕೆಳಗೆ ಬಂದಾಗ, ಅಲ್ಲಿ ಮಂಜು ಕರಗಿ, ಮೇಲಕ್ಕೆ ಕಾಣಿಸಿಕೊಳ್ಳುತ್ತದೆ.

1984ರ ಮೇ 29ರಂದು ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಲುಕಿದ ಕುಮಾವೂಂ ರೆಜಿಮೆಂಟಿನ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಅವರ ದೇಹ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. ಸೇನಾ ಸಂಖ್ಯೆ ಕೆತ್ತಿದ್ದ ಲೋಹದ ಬಿಲ್ಲೆ ಅವರು ಯಾರೆಂದು ಹೇಳಿತು. ತಂದೆ ಹೋದಾಗ ಪುಟ್ಟವರಾಗಿದ್ದ ಹೆಣ್ಣುಮಕ್ಕಳು ಬೆಳೆದು ದೊಡ್ಡವರಾಗಿದ್ದರು. 38 ವರ್ಷಗಳ ಬಳಿಕ ಹಲ್ದ್ವಾನಿಯಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು.

ಅದೇ ಸಿಯಾಚಿನ್‌ನಲ್ಲಿ 2016ರ ಫೆಬ್ರುವರಿಯಲ್ಲಿ ನಮ್ಮ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದಿದ್ದರು. ಹೊರತೆಗೆದ ಬಳಿಕ, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಇಡೀ ನಾಡು ಪ್ರಾರ್ಥಿಸಿತ್ತು. ಮನೆಯವರಿಗೆ ಮುಖ ನೋಡಿ ಬೀಳ್ಕೊಡುವ ಅವಕಾಶವಾದರೂ ಸಿಕ್ಕಿತು.

ಕಳುಹಿಸಿಕೊಟ್ಟವರಿಗೆ ಪದಕ, ಪಿಂಚಣಿ, ಫಲಕಗಳೆಲ್ಲ ಬೇಕು, ನಿಜ. ಆದರೆ ‘ಅವನು ಇಲ್ಲಿದ್ದಾನೆ’ ಎಂದು ಕೈ ತೋರಿಸಲು ಒಂದು ಹಿಡಿ ಜಾಗವೂ ಬೇಕು. ಆ ವಿಮಾನದ ಬಹುಪಾಲು ಮಂದಿ 2024ರ ಶೋಧದ ನಂತರವೂ ಹಿಮದೊಳಗೇ ಉಳಿದರು. ಅವರನ್ನು ಹುಡುಕಲು ಮಂಜುಗಡ್ಡೆಯ ಮೇಲೆ ಹೆಜ್ಜೆಯಿಡುವ ಸೈನಿಕರೂ ಯಾರದೋ ಮನೆಯ ಮಕ್ಕಳೇ ಅಲ್ಲವೇ?