ಕಾರಿನ ವಾಟರ್ ಪಂಪ್: ಮನೆಯಲ್ಲೇ ಬದಲಾಯಿಸಬಹುದೇ?

ಸಲಾಲಾಕ್ಕೆ ಹೊರಡಲು ಇನ್ನು ಎಂಟು ದಿನ ಬಾಕಿ ಇತ್ತು. ಶಾಲೆಗೆ ಬೇಸಿಗೆ ರಜೆ. ಖರೀಫ್ ಮಳೆ ಶುರುವಾಗಿದೆ, ಗುಡ್ಡಗಳೆಲ್ಲ ಹಸಿರಾಗಿವೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಒಂಬತ್ತನೇ ತರಗತಿಯ ನನ್ನ ಮಗಳು ಸಂಜೆ ಕೆಳಗೆ ಹೋಗಿ ಬಂದವಳು, "ಅಪ್ಪಾ, ನಮ್ಮ ಕಾರಿನ ಅಡಿಯಲ್ಲಿ ನೀರು ಬಿದ್ದಿದೆ" ಎಂದಳು. "ಎ.ಸಿ. ನೀರು ಇರಬೇಕು, ಬಿಡು" ಎಂದೆ. "ಎ.ಸಿ. ನೀರು ಗುಲಾಬಿ ಬಣ್ಣ ಇರ್ತದಾ?" ಎಂದು ಕೇಳಿದಳು. ನಾನು ಟಾರ್ಚ್ ಹಿಡಿದು ಕೆಳಗಿಳಿದೆ.

ಅವಳು ಹೇಳಿದ್ದು ಸರಿಯಾಗಿತ್ತು. ಇಂಜಿನಿನ ಬೆಲ್ಟ್ ಇರುವ ಬದಿಯಲ್ಲಿ, ವಾಟರ್ ಪಂಪಿನ ಕೆಳಗೆ, ಒಣಗಿದ ಗುಲಾಬಿ ಹುಡಿಯ ಗೆರೆ. ಅದರ ತುದಿಯಲ್ಲಿ ಒಂದು ಹನಿ. ಮಸ್ಕತ್‌ನಿಂದ ಸಲಾಲಾಕ್ಕೆ ಒಳನಾಡಿನ ರಸ್ತೆಯಲ್ಲಿ ಸುಮಾರು ಸಾವಿರ ಕಿಲೋಮೀಟರ್. ನಿಜ್ವಾ ಕಳೆದು ಆದಂ ದಾಟಿದರೆ ಹೈಮಾದವರೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬರಿಯ ಮರುಭೂಮಿ. ಆ ಹನಿ ಅಲ್ಲಿ ಧಾರೆಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮೊದಲು ವಾಟರ್ ಪಂಪ್ ಎಂದರೇನು ಎಂದು ತಿಳಿಯೋಣ. ಪೆಟ್ರೋಲ್ ಉರಿದಾಗ ಸಿಗುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಹೆಚ್ಚುಕಡಿಮೆ ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಇಂಜಿನಿನ ಲೋಹಕ್ಕೆ ಸೇರುವ ಶಾಖ. ಅದನ್ನು ಹೊರಗೆ ಸಾಗಿಸದಿದ್ದರೆ ಅಲ್ಯೂಮಿನಿಯಂನ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ ಸುಟ್ಟು, ಇಂಜಿನ್ ಬಿಚ್ಚುವ ದೊಡ್ಡ ಖರ್ಚು ಬರುತ್ತದೆ. ಇಂಜಿನಿನ ಒಳಗಿನ ಕಾಲುವೆಗಳಲ್ಲಿ ಹರಿಯುವ ಕೂಲೆಂಟ್ ಆ ಶಾಖವನ್ನು ಹೊತ್ತು ಮುಂದಿನ ರೇಡಿಯೇಟರಿಗೆ ತರುತ್ತದೆ. ಅಲ್ಲಿ ಗಾಳಿಗೆ ತಣಿದು ಹಿಂದಿರುಗುತ್ತದೆ. ಹೀಗೆ ಅದನ್ನು ಸುತ್ತಿಸುವುದೇ ವಾಟರ್ ಪಂಪಿನ ಕೆಲಸ.

ಹಿಂದೆ ಪಂಪ್ ಇಲ್ಲದ ಕಾರುಗಳೂ ಇದ್ದವು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ, ಆರಂಭದ ಕೆಲವನ್ನು ಬಿಟ್ಟರೆ, ನೀರು ತಾನಾಗಿಯೇ ಸುತ್ತುತ್ತಿತ್ತು. ಬಿಸಿಯಾದ ನೀರು ಹಗುರವಾಗಿ ಮೇಲೇರಿ ರೇಡಿಯೇಟರಿನ ತಲೆಗೆ ಹೋಗುತ್ತದೆ, ತಣಿದ ನೀರು ಭಾರವಾಗಿ ಕೆಳಗಿಳಿದು ಇಂಜಿನಿಗೆ ಬರುತ್ತದೆ. ಇದಕ್ಕೆ ಥರ್ಮೋಸೈಫನ್ ಎಂದು ಹೆಸರು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮನೆಗಳ ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್‌ಗಳನ್ನು ನೋಡಿ. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಇದೇ ತತ್ವದಲ್ಲಿ ನಡೆಯುತ್ತವೆ. ಟ್ಯಾಂಕನ್ನು ಮೇಲೆ ಇಟ್ಟಿರುವುದು ಅದಕ್ಕಾಗಿಯೇ. ಇಂಜಿನಿನ ಶಕ್ತಿ ಹೆಚ್ಚಾದಂತೆ ಈ ನಿಧಾನದ ಹರಿವು ಸಾಲದೆ ಹೋಯಿತು.

ಪಂಪಿನ ರಚನೆ ನಮ್ಮೂರ ಅಡಿಕೆ ತೋಟದ ಪಂಪ್‌ಸೆಟ್‌ನಂತೆಯೇ. ರೆಕ್ಕೆಗಳಿರುವ ಒಂದು ಚಕ್ರ, ಅಂದರೆ ಇಂಪೆಲ್ಲರ್, ವೇಗವಾಗಿ ತಿರುಗಿ ನಡುವಿನಿಂದ ಬಂದ ನೀರನ್ನು ಅಂಚಿಗೆ ಎಸೆಯುತ್ತದೆ. ತೋಟದಲ್ಲಿ ಅದನ್ನು ಕರೆಂಟಿನ ಮೋಟಾರ್ ತಿರುಗಿಸಿದರೆ, ಕಾರಿನಲ್ಲಿ ಇಂಜಿನಿನ ಬೆಲ್ಟ್ ತಿರುಗಿಸುತ್ತದೆ. (ಬೆಲ್ಟ್ ಇಲ್ಲದೆ ಬ್ಯಾಟರಿಯಿಂದ ಓಡುವ ಪಂಪುಗಳೂ ಈಗ ಇವೆ, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಅವೇ ಹೆಚ್ಚು.) ಹೊರಗಿನ ಪುಲ್ಲಿ ಮತ್ತು ಒಳಗಿನ ಇಂಪೆಲ್ಲರ್ ಒಂದೇ ಶಾಫ್ಟಿನ ಎರಡು ತುದಿಗಳಲ್ಲಿರುತ್ತವೆ. ನಡುವೆ ಬೇರಿಂಗ್, ಅದಕ್ಕೆ ನೀರು ತಾಗದಂತೆ ಒಂದು ಸೀಲ್. ಸೀಲ್ ಸವೆದಾಗ ಸೋರುವ ನೀರು ಬೇರಿಂಗಿಗೆ ಹೋಗದೆ ಹೊರಬರಲಿ ಎಂದು ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ನಮ್ಮ ಕಾರಿನ ಗುಲಾಬಿ ಹನಿ ಬರುತ್ತಿದ್ದದ್ದು ಆ ತೂತಿನಿಂದ. ಅದನ್ನು ಎಂಸೀಲ್ ಹಾಕಿ ಮುಚ್ಚಿದವರನ್ನೂ ನಾನು ನೋಡಿದ್ದೇನೆ! ಹಾಗೆ ಮಾಡಿದರೆ ನೀರು ಬೇರಿಂಗಿಗೇ ನುಗ್ಗುತ್ತದೆ.

ಒಮಾನಿನಲ್ಲಿ ಈ ಪಂಪಿನ ಮೇಲೆ ಏಕೆ ಹೆಚ್ಚು ಗಮನ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. ರೇಡಿಯೇಟರ್ ಹೊರಹಾಕುವ ಶಾಖ, ಕೂಲೆಂಟಿನ ಮತ್ತು ಹೊರಗಿನ ಗಾಳಿಯ ಉಷ್ಣತೆಗಳ ಅಂತರಕ್ಕೆ ಅನುಗುಣವಾಗಿರುತ್ತದೆ. ಕೂಲೆಂಟ್ 90 ಡಿಗ್ರಿ ಇದೆ ಎನ್ನಿ. ಜನವರಿಯ ಮುಂಜಾನೆ ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಜೂನ್ ಮಧ್ಯಾಹ್ನ 48 ಡಿಗ್ರಿ ಇದ್ದರೆ ಅಂತರ 42. ಅಂದರೆ ಅದೇ ರೇಡಿಯೇಟರ್, ಅದೇ ಗಾಳಿಯ ವೇಗದಲ್ಲಿ, ಚಳಿಗಾಲದ ಶೇಕಡಾ 60ರಷ್ಟು ಶಾಖವನ್ನು ಮಾತ್ರ ಹೊರಹಾಕಬಲ್ಲದು. ಅದರ ಮುಂದೆಯೇ ಎ.ಸಿ.ಯ ಕಂಡೆನ್ಸರ್ ಕುಳಿತು ಗಾಳಿಯನ್ನು ಇನ್ನಷ್ಟು ಬಿಸಿ ಮಾಡುತ್ತಿರುತ್ತದೆ. ರಾತ್ರಿ ಪ್ರಯಾಣ ಮಾಡಿದರಾಯಿತು ಎನ್ನುವಂತೆಯೂ ಇಲ್ಲ. 2018ರ ಜೂನ್ 26ರಂದು ಕುರಿಯಾತ್‌ನಲ್ಲಿ ಇಡೀ 24 ಗಂಟೆ ಉಷ್ಣತೆ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಇಂತಹ ಕಡೆ ಪಂಪ್ ಸ್ವಲ್ಪ ಸೋತರೂ ಉಳಿದ ಯಾವ ಭಾಗವೂ ಅದನ್ನು ತುಂಬಿಕೊಡಲಾರದು.

ಪಂಪ್ ಹಾಳಾಗಲು ನಮ್ಮ ಕೈಯಿಂದಲೇ ಆಗುವ ಒಂದು ಕಾರಣವಿದೆ: ನಲ್ಲಿ ನೀರು. "ಇಲ್ಲಿಯದು ಸಮುದ್ರದ ನೀರನ್ನು ಶುದ್ಧ ಮಾಡಿದ್ದಲ್ಲವೇ, ಡಿಸ್ಟಿಲ್ಡ್ ವಾಟರ್ ಇದ್ದ ಹಾಗೆ" ಎಂದು ಅನೇಕರು ತಿಳಿದಿದ್ದಾರೆ. ಆದರೆ ಉಪ್ಪು ತೆಗೆದ ನೀರಿಗೆ, ಕುಡಿಯಲು ಯೋಗ್ಯವಾಗಲಿ, ಕೊಳವೆಗಳು ಕೊರೆಯದಿರಲಿ ಎಂದು ಮತ್ತೆ ಕ್ಯಾಲ್ಸಿಯಂ ಮುಂತಾದ ಖನಿಜಗಳನ್ನು ಸೇರಿಸುತ್ತಾರೆ. ಬಾವಿ ನೀರಿನಲ್ಲಂತೂ ಅದು ಇನ್ನೂ ಹೆಚ್ಚು. ಅದು ಕಾದು ಪದರಗಟ್ಟುತ್ತದೆ. ಆ ಕಣಗಳು ಮರಳು ಕಾಗದದಂತೆ ಸೀಲನ್ನು ಉಜ್ಜುತ್ತವೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ನಲ್ಲಿ ನೀರಿನಲ್ಲಿ ಅವಿಲ್ಲ. "ಇಲ್ಲಿ ಹಿಮ ಬೀಳುವುದಿಲ್ಲ, ನಮಗೇಕೆ ಕೂಲೆಂಟ್?" ಎನ್ನುವುದಕ್ಕೂ ಇದೇ ಉತ್ತರ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಕುಡಿಯುವ ನೀರು ಹಾಕಿದರೆ ತಪ್ಪಲ್ಲ. ಊರು ತಲುಪಿದ ಮೇಲೆ ಅದನ್ನು ತೆಗೆಸಬೇಕು, ಅಷ್ಟೆ.

ಇನ್ನು ಕೆಲಸದ ವಿಷಯ. ಎಲ್ಲ ಕಾರುಗಳ ಪಂಪನ್ನೂ ಮನೆಯಲ್ಲಿ ಬದಲಾಯಿಸಲಾಗದು, ಬದಲಾಯಿಸಲೂಬಾರದು. ಕೆಲವು ಇಂಜಿನುಗಳಲ್ಲಿ ಪಂಪನ್ನು ಟೈಮಿಂಗ್ ಬೆಲ್ಟೇ ತಿರುಗಿಸುತ್ತದೆ. ಆ ಬೆಲ್ಟನ್ನು ತೆಗೆದು ಒಂದು ಹಲ್ಲು ತಪ್ಪಾಗಿ ಕೂರಿಸಿದರೂ ಇಂಜಿನ್ ಸರಿಯಾಗಿ ಓಡುವುದಿಲ್ಲ. ಹೆಚ್ಚು ತಪ್ಪಿದರೆ ಹಲವು ಇಂಜಿನುಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಅಂತಹ ಕಾರಿದ್ದರೆ ನೇರ ಗ್ಯಾರೇಜಿಗೆ ಹೋಗಿ, ಬೆಲ್ಟ್ ಬದಲಿಸುವಾಗಲೇ ಪಂಪನ್ನೂ ಬದಲಿಸಲು ಹೇಳಿ. ಟೈಮಿಂಗ್ ಚೈನ್ ಇದ್ದು, ಪಂಪ್ ಹೊರಗಿನ ಬೆಲ್ಟಿನಿಂದ ಓಡುವ ಇಂಜಿನುಗಳು ಸುಲಭ. 2000ದ ದಶಕದ ಟೊಯೋಟಾ ಕೊರೊಲಾದ 1.8 ಲೀಟರ್ ಇಂಜಿನ್ ಅಂಥದ್ದು. ಪಂಪನ್ನು ಹಿಡಿದಿರುವುದು ಆರೇ ಬೋಲ್ಟುಗಳು. ನಮ್ಮ ಕಾರೂ ಈ ಬಗೆಯದೇ ಎಂದು ಮ್ಯಾನುಯಲ್ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ನಾನು ಧೈರ್ಯ ಮಾಡಿದ್ದು. ವಾದಿ ಕಬೀರ್‌ನ ಬಿಡಿಭಾಗಗಳ ಅಂಗಡಿಗೆ ಮುಲ್ಕಿಯಾ ತೆಗೆದುಕೊಂಡು ಹೋದೆ. ಅದರಲ್ಲಿರುವ ಚಾಸಿಸ್ ನಂಬರ್ ಕೊಟ್ಟರೆ ಸರಿಯಾದ ಪಂಪ್ ಸಿಗುತ್ತದೆ. "ಹತ್ತು ವರ್ಷ ಹಳೆಯ ಕಾರು" ಎಂದರೆ ಸಿಗುವುದಿಲ್ಲ.

ಶುಕ್ರವಾರ ಬೆಳಗ್ಗೆ ಐದು ಗಂಟೆಗೆ ಶುರು ಮಾಡಿದೆವು. ಬಿಸಿಲಿಗಾಗಿ ಮಾತ್ರ ಅಲ್ಲ, ಇಂಜಿನ್ ರಾತ್ರಿಯಿಡೀ ತಣಿದಿರಬೇಕು ಎಂದು. ಮಕ್ಕಳೇ, ಇದನ್ನು ಚೆನ್ನಾಗಿ ನೆನಪಿಡಿ: ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆಗೆಯಬಾರದು. ಆ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಒತ್ತಡವಿದ್ದಾಗ ನೀರು 100 ಡಿಗ್ರಿಯಲ್ಲಿ ಕುದಿಯುವುದಿಲ್ಲ, ಸುಮಾರು 120ರವರೆಗೂ ಸುಮ್ಮನಿರುತ್ತದೆ. ನಿಮ್ಮ ಮನೆಯ ಪ್ರೆಶರ್ ಕುಕ್ಕರಿನ ಕಥೆಯೇ ಇದು. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಎಲ್ಲವೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದೆ. ಜಾಕ್ ಹಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟೆ. ಬರಿಯ ಜಾಕನ್ನು ನಂಬಿ ಕಾರಿನಡಿಗೆ ಯಾರೂ ಹೋಗಬಾರದು. ರೇಡಿಯೇಟರಿನ ತಳದ ತಿರುಪು ಬಿಚ್ಚಿ ಕೂಲೆಂಟನ್ನು ಟಬ್ಬಿಗೆ ಬಿಟ್ಟೆವು. ಮಗಳು ಅದನ್ನು ಒಂದೂವರೆ ಲೀಟರಿನ ಖಾಲಿ ಬಾಟಲಿಗಳಿಗೆ ಸುರಿದು ಅಳೆದಳು: ಸುಮಾರು ಐದು ಲೀಟರ್. ಏಕೆ ಅಳೆಯುತ್ತಿದ್ದಾಳೆ ಎಂದು ಆಗ ನನಗೆ ಹೊಳೆಯಲಿಲ್ಲ. (ಅಡುಗೆಮನೆಯಿಂದ ತಂದ ಟಬ್ ಮತ್ತೆ ಒಳಗೆ ಹೋಗಲಿಲ್ಲ, ಹೋಗಲೂಬಾರದು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಬೆಕ್ಕುಗಳು ನೆಕ್ಕಿದರೆ ಸಾಯುತ್ತವೆ. ನೆಲಕ್ಕೆ ಚೆಲ್ಲಿದ್ದನ್ನು ತೊಳೆದು ಒರೆಸಿ, ಹಳೆಯದನ್ನು ಕ್ಯಾನಿನಲ್ಲಿ ತುಂಬಿ ವೇಸ್ಟ್ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟೆವು.)

ಬೆಲ್ಟ್ ತೆಗೆಯುವ ಮೊದಲು ಅದು ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಸುತ್ತಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದೆವು. ಟೆನ್ಷನರನ್ನು ಸ್ಪ್ಯಾನರಿನಿಂದ ತಿರುಗಿಸಿ ಹಿಡಿದರೆ ಬೆಲ್ಟ್ ಸಡಿಲವಾಗಿ ಹೊರಬರುತ್ತದೆ. ಆಮೇಲೆ ಆಲ್ಟರ್ನೇಟರ್ ಬಿಚ್ಚಿ ಪಕ್ಕಕ್ಕಿಟ್ಟರೆ ಪಂಪಿಗೆ ಕೈ ಎಟಕುತ್ತದೆ. ಪಂಪಿನ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ತೂತು ಮಾಡಿ, ತೆಗೆದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚಿಟ್ಟರೆ ಗೊಂದಲವಿಲ್ಲ.

ಹಳೆಯ ಪಂಪ್ ಕೈಗೆ ಬಂದಾಗ ಅದರ ಪುಲ್ಲಿ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಎಂದು ಆಡಿತು. ಬೇರಿಂಗಿಗೂ ಪೆಟ್ಟು ಬಿದ್ದಿತ್ತು. ಹೈಮಾದವರೆಗೆ ಅದು ಬರುತ್ತಿರಲಿಲ್ಲ ಎಂದೇ ನನ್ನ ಅಂದಾಜು.

ಪಂಪ್ ಕೂರುವ ಅಲ್ಯೂಮಿನಿಯಂ ಮೈಯನ್ನು ಚಾಕುವಿನಿಂದ ಕೆರೆಯಬಾರದು, ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಉಜ್ಜಿ ಬಟ್ಟೆಯಿಂದ ಒರೆಸಬೇಕು. ನಮ್ಮದರಲ್ಲಿ ಗ್ಯಾಸ್ಕೆಟ್ ಬದಲು ರಬ್ಬರಿನ ಓ ರಿಂಗ್ ಇತ್ತು; ಹೊಸದನ್ನೇ ಹಾಕಬೇಕು, ಅದರ ಮೇಲೆ ಸಿಲಿಕೋನ್ ಬಳಿಯುವ ಅಗತ್ಯವಿಲ್ಲ. ಬೋಲ್ಟುಗಳನ್ನು ಮೊದಲು ಬೆರಳಿನಿಂದ ತಿರುಗಿಸಿ, ನಂತರ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿ? ಇಂತಹ ಸಣ್ಣ ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಒಂದು ಕಿಲೋ ಸಕ್ಕರೆ ಪೊಟ್ಟಣ ತೂಗುಹಾಕಿದರೆ ಎಷ್ಟೋ ಅಷ್ಟು. ಗಂಡಸರ ಜೋರು ಇಲ್ಲಿ ಬೇಡ. ಅಲ್ಯೂಮಿನಿಯಂ ಮರೆ ಕಿತ್ತುಹೋದರೆ ಪಂಪಿನ ಬೆಲೆಗಿಂತ ದೊಡ್ಡ ಕೆಲಸವಾಗುತ್ತದೆ.

ಎಲ್ಲವನ್ನೂ ಮರಳಿ ಜೋಡಿಸಿ, ಅರ್ಧದಷ್ಟು ಕೂಲೆಂಟ್, ಅರ್ಧದಷ್ಟು ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿದೆ. (ಕೆಲವು ಕೂಲೆಂಟ್‌ಗಳು ಬೆರೆಸಿಯೇ ಬರುತ್ತವೆ, ಡಬ್ಬದ ಮೇಲೆ ಓದಿ.) ರೇಡಿಯೇಟರ್ ಕಂಠದವರೆಗೆ ತುಂಬಿತು. ನಾನು ಮುಚ್ಚಳ ಹಾಕಲು ಹೊರಟೆ. "ಅಪ್ಪಾ, ನಿಲ್ಲಿ. ಹೊರಗೆ ಬಂದದ್ದು ಐದು ಲೀಟರ್, ಒಳಗೆ ಹೋದದ್ದು ಮೂರೂವರೆ. ಉಳಿದ ಒಂದೂವರೆ ಲೀಟರಿನ ಜಾಗದಲ್ಲಿ ಏನಿದೆ?" ಎಂದಳು ಮಗಳು. ಗಾಳಿ! ಒಳಗೆ ಸಿಕ್ಕಿಕೊಂಡ ಗಾಳಿ ಪಂಪಿಗೆ ಬಂದರೆ ಇಂಪೆಲ್ಲರ್ ನೀರನ್ನು ತಳ್ಳಲಾರದು. ಹೊಸ ಪಂಪ್ ಇದ್ದೂ ಇಂಜಿನ್ ಕಾಯುತ್ತದೆ. ಕೆಲಸ ಚೆನ್ನಾಗಿ ಮಾಡಿ ಕೊನೆಗೆ ಇಲ್ಲಿ ಸೋಲುವವರು ಬಹಳ.

ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ (ಜುಲೈಯಲ್ಲಿ ಹೀಟರ್! ಪಕ್ಕದ ಮನೆಯವರು ನೋಡಿ ನಕ್ಕರು), ಮುಚ್ಚಳ ತೆರೆದಿಟ್ಟೇ ತಣ್ಣಗಿನ ಇಂಜಿನ್ ಚಾಲೂ ಮಾಡಿ, ಮೇಲಿನ ಹೋಸನ್ನು ಕೈಯಿಂದ ಹಿಂಡುತ್ತಾ ಹೋದೆವು. ಗುಳುಗುಳು ಎಂದು ಗುಳ್ಳೆಗಳು ಬಂದವು, ಮಟ್ಟ ಇಳಿಯಿತು, ಮತ್ತೆ ತುಂಬಿದೆವು. ಸುಮಾರು 82 ಡಿಗ್ರಿಗೆ ಥರ್ಮೋಸ್ಟಾಟ್ ತೆರೆದಾಗ ಇನ್ನೊಮ್ಮೆ ಇಳಿಯಿತು. ಇನ್ನಷ್ಟು ತುಂಬಿ ಮುಚ್ಚಳ ಹಾಕಿದೆವು. ಫ್ಯಾನ್ ಎರಡು ಬಾರಿ ತಿರುಗಿ ನಿಂತ ಮೇಲೆ ಇಂಜಿನ್ ಆರಿಸಿದೆವು. ಪೂರ್ತಿ ತಣಿದ ಮೇಲೆ, ಮರುದಿನ ಬೆಳಗ್ಗೆ, ಉಳಿದ ಅರ್ಧ ಲೀಟರೂ ಒಳಗೆ ಹೋಯಿತು. ಆಗ ಲೆಕ್ಕ ಸರಿಯಾಯಿತು. ಮುಂದಿನ ನಾಲ್ಕು ದಿನ ಆಫೀಸಿಗೆ ಹೋಗಿಬರುತ್ತಾ, ಅಮರಾತ್ ಕಡೆಯ ಏರುರಸ್ತೆಯನ್ನೂ ಒಮ್ಮೆ ಹತ್ತಿಸಿ ನೋಡಿದೆ. ಹೊಸ ಪಂಪ್ ಹಾಕಿದ ಮರುದಿನವೇ ದೂರದ ಪ್ರಯಾಣ ಹೊರಡುವುದು ಜಾಣತನವಲ್ಲ.

ತಂದೆ ತಾಯಂದಿರಿಗೆ ಒಂದು ಮಾತು. ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೇರಿತೆಂದರೆ ಆಗಲೇ ತಡವಾಗಿದೆ ಎಂದರ್ಥ. ಇಂದಿನ ಹೆಚ್ಚಿನ ಕಾರುಗಳಲ್ಲಿ ಸಣ್ಣಪುಟ್ಟ ಏರಿಳಿತಕ್ಕೆ ಮುಳ್ಳು ಅಲುಗಾಡದಂತೆ ಮಾಡಿರುತ್ತಾರೆ. ಕೂಡಲೇ ಎ.ಸಿ. ಆರಿಸಿ, ರಸ್ತೆಯ ಬದಿಗೆ ಬಂದು ಇಂಜಿನ್ ನಿಲ್ಲಿಸಿ, ಮಕ್ಕಳನ್ನು ನೆರಳಿಗೆ ಕರೆದೊಯ್ಯಿರಿ. ನೆರಳೇ ಇಲ್ಲದ ಜಾಗದಲ್ಲಿ ತೊಂದರೆಯಾದರೆ ಪೊಲೀಸರ ತುರ್ತು ಸಂಖ್ಯೆ 9999. ಕೂಲೆಂಟ್ ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್ ಗಾಳಿಯಲ್ಲಿದ್ದು ಮುಳ್ಳು ಕೆಳಗೇ ಇರಬಹುದು. ಅದನ್ನು ನಂಬಿ ಮುಂದೆ ಹೋಗಬೇಡಿ.

ಬುಧವಾರ ಮುಂಜಾನೆ ನಾಲ್ಕಕ್ಕೆ ಹೊರಟೆವು. ಹೈಮಾದ ಪೆಟ್ರೋಲ್ ಬಂಕಿನಲ್ಲಿ ಚಹಾಕ್ಕೆ ನಿಂತಾಗ ಕಾರಿನಡಿಯಲ್ಲಿ ಒಂದಿಷ್ಟು ನೀರು ಕಂಡು ನನ್ನ ಎದೆ ಧಸಕ್ಕೆಂದಿತು. ಮಗಳು ಆಗಲೇ ಬಗ್ಗಿ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು. ಬಣ್ಣವಿಲ್ಲ, ಜಾರುವುದಿಲ್ಲ, ವಾಸನೆಯಿಲ್ಲ. "ಇದು ಎ.ಸಿ. ನೀರೇ ಅಪ್ಪಾ" ಎಂದು ಕೈ ಒರೆಸಿಕೊಂಡು ಬೋಂಡಾ ತಿನ್ನಲು ಹೋದಳು.